ಸ್ಲೋ ಕುಕರ್‌ನಲ್ಲಿ ರೋಪಾ ವಿಯೆಹಾ: ಎಳೆ ಎಳೆಯಾಗಿ ಬಿಡಿಸುವ ಕ್ಯೂಬಾದ ಮಾಂಸದಡುಗೆ

ಸ್ಪ್ಯಾನಿಷ್‌ನಲ್ಲಿ ‘ರೋಪಾ ವಿಯೆಹಾ’ ಅಂದರೆ ಹಳೇ ಬಟ್ಟೆ. ಬೆಂದ ಮಾಂಸ ಚಿಂದಿಯ ಹಾಗೆ ಎಳೆ ಎಳೆಯಾಗಿರುತ್ತದೆ, ಅದಕ್ಕೇ ಈ ಹೆಸರು. ಕ್ಯೂಬಾದಲ್ಲಿ ದನದ ಹೊಟ್ಟೆಭಾಗದ ಉದ್ದ ನಾರಿನ ಮಾಂಸ ಬಳಸುತ್ತಾರೆ. ಹವಾನಾದ ಹೋಟೆಲುಗಳಲ್ಲಿ ಕುರಿಯದ್ದೂ ಸಿಗುತ್ತದೆ. ಬಳ್ಳಾರಿ, ಕೊಪ್ಪಳದ ಕಡೆ ಕುರಿಗೇನು ಕಡಿಮೆ?

ಅಡುಗೆ ಕೆಡುವುದು ಹೆಚ್ಚಾಗಿ ಮಟನ್ ಅಂಗಡಿಯಲ್ಲೇ. ಬರೀ ‘ಒಂದು ಕೆಜಿ’ ಅಂದರೆ ಸಾರಿನ ತುಂಡು ಹೊಡೆದು ಕೊಡುತ್ತಾರೆ. ಅದರಲ್ಲಿ ಎಳೆ ಬರುವುದಿಲ್ಲ. ‘ಹಿಂದಿನ ತೊಡೆ ಕೊಡಿ, ಎಲುಬು ತೆಗೀರಿ, ತುಂಡು ಮಾಡಬ್ಯಾಡ್ರಿ’ ಎಂದು ಹೇಳಿ 1 ಕೆಜಿ ತನ್ನಿ. ಮನೆಯಲ್ಲಿ ನಾರಿಗೆ ಅಡ್ಡಲಾಗಿ 6-7 ಸೆಂ.ಮೀ. ಅಗಲದ ತುಂಡು ಮಾಡಿ. ಎಳೆಯ ಉದ್ದ ಇಲ್ಲಿಗೇ ಗೊತ್ತಾಯಿತು. ಮೇಲಿನ ಬಿಳಿ ಕೊಬ್ಬು ತೆಗೆಯಿರಿ. ಉಳಿದರೆ ಆರಿದ ಮೇಲೆ ಬಾಯಿಯ ಅಂಗುಳಕ್ಕೆ ಅಂಟುತ್ತದೆ.

ಮಾಂಸದ ಪಸೆ ಒರೆಸಿ, 2 ದೊಡ್ಡ ಚಮಚ ಎಣ್ಣೆಯಲ್ಲಿ ಎರಡೂ ಬದಿ 3-4 ನಿಮಿಷ ಕೆಂಪಗೆ ಹುರಿದು ಸ್ಲೋ ಕುಕರ್‌ಗೆ (ಸಣ್ಣ ಕಾವಿನಲ್ಲಿ ತಾಸುಗಟ್ಟಲೆ ಬೇಯಿಸುವ ಕರೆಂಟ್ ಪಾತ್ರೆ) ಹಾಕಿ. ಅದೇ ಬಾಣಲೆಯಲ್ಲಿ ಉದ್ದುದ್ದ ಹೆಚ್ಚಿದ 2 ಉಳ್ಳಾಗಡ್ಡಿ, 2 ದಪ್ಪ ಮೆಣಸಿನಕಾಯಿ (ಒಂದು ಕೆಂಪು ಸಿಕ್ಕರೆ ಒಳ್ಳೆಯದು), 6 ಎಸಳು ಬೆಳ್ಳುಳ್ಳಿ ಬಾಡಿಸಿ. ಒಂದೂವರೆ ಟೀ ಚಮಚ ಜೀರಿಗೆ ಪುಡಿ, 1 ಟೀ ಚಮಚ ಒರೆಗಾನೊ, ಒಂದೂವರೆ ಟೀ ಚಮಚ ಉಪ್ಪು, 1 ಪಲಾವ್ ಎಲೆ, 4 ಟೊಮೆಟೊ ಹಾಕಿ ಎಣ್ಣೆ ಬಿಡುವವರೆಗೆ ಬೇಯಿಸಿ. ವೈನ್ ಬದಲು 1 ದೊಡ್ಡ ಚಮಚ ವಿನೆಗರ್ ಸಾಕು. ಖಾರದ ಪುಡಿಗೆ ಕೈ ಹೋಗುತ್ತದೆ, ತಡೆಯಿರಿ. ಗರಂ ಮಸಾಲೆ ಬಿದ್ದರಂತೂ ಅದು ನಮ್ಮ ಮಟನ್ ಪಲ್ಯವೇ.

ಇದನ್ನು ಮಾಂಸದ ಮೇಲೆ ಸುರಿದು ಅರ್ಧ ಕಪ್ ನೀರು ಮಾತ್ರ ಹಾಕಿ. ಸ್ಲೋ ಕುಕರ್‌ನಲ್ಲಿ ನೀರು ಆವಿಯಾಗಿ ಹೋಗುವುದಿಲ್ಲ, ಮಾಂಸವೂ ನೀರು ಬಿಡುತ್ತದೆ. ಪ್ರೆಶರ್ ಕುಕರ್ ಅಳತೆಯಲ್ಲಿ ಸುರಿದರೆ ಸಾರಾಗುತ್ತದೆ. ‘ಲೋ’ದಲ್ಲಿ 7-8 ತಾಸು, ‘ಹೈ’ನಲ್ಲಿ 4-5. ಮುಚ್ಚಳ ತೆಗೆದು ನೋಡಿದಷ್ಟು ಸಲವೂ ಅರ್ಧ ತಾಸಿನವರೆಗೆ ಹೆಚ್ಚು ಹಿಡಿಯುತ್ತದೆ. ಫೋರ್ಕ್ ಚುಚ್ಚಿ ತಿರುವಿದರೆ ಮಾಂಸ ತಾನೇ ಬಿಡಬೇಕು. ಬಿಗಿಯಾಗಿದ್ದರೆ ಹೆಚ್ಚು ಬೆಂದಿದೆ ಅಂತಲ್ಲ, ಸಾಲದು ಅಂತ. ನಾರುಗಳನ್ನು ಹಿಡಿದಿರುವ ಅಂಟು ಇನ್ನೂ ಕರಗಿಲ್ಲ.

ಕರೆಂಟ್ ಹೋದರೆ ಕಾಯುತ್ತ ಕೂರಬೇಡಿ, ಪಾತ್ರೆಗೆ ಸುರಿದು ಗ್ಯಾಸ್ ಮೇಲೆ ಮುಗಿಸಿ. ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟ್ ಹೋಗಿದ್ದು, ಎಷ್ಟು ಹೊತ್ತು ಅಂತ ತಿಳಿಯದಿದ್ದರೆ ಚೆಲ್ಲಿಬಿಡಿ. ಬಿಸಿ ಪಿಂಗಾಣಿ ಪಾತ್ರೆಗೆ ತಣ್ಣೀರು ತಾಗಿಸಬೇಡಿ, ಸೀಳುತ್ತದೆ.

ಮಾಂಸ ಹೊರತೆಗೆದು 10 ನಿಮಿಷ ಆರಿಸಿ, ಎರಡು ಫೋರ್ಕಿನಿಂದ ನಾರಿನ ಗುಂಟ ಬಿಡಿಸಿ. ಮತ್ತೆ ರಸಕ್ಕೆ ಹಾಕಿ, ಹೆಚ್ಚಿದ 10-12 ಹಸಿರು ಆಲಿವ್ ಸೇರಿಸಿ, ಮುಚ್ಚಳ ತೆಗೆದು ‘ಹೈ’ನಲ್ಲಿ 20-30 ನಿಮಿಷ ಇಡಿ. ಆಲಿವ್‌ನಲ್ಲೇ ಉಪ್ಪಿರುತ್ತದೆ, ರುಚಿ ನೋಡಿ ಆಮೇಲೆ ಉಪ್ಪು.

ಕ್ಯೂಬಾದವರು ಬಿಳಿ ಅನ್ನ, ಕಪ್ಪು ಬೀನ್ಸ್, ಕರಿದ ಬಾಳೆಕಾಯಿ ಜೊತೆ ಉಣ್ಣುತ್ತಾರೆ. ಗಂಗಾವತಿಯ ಸೋನಾ ಮಸೂರಿ ಚೆನ್ನಾಗಿ ಹೊಂದುತ್ತದೆ. ಬಿಸಿ ಜೋಳದ ರೊಟ್ಟಿ ಇನ್ನೂ ಚೆನ್ನ. ಬೀನ್ಸ್ ಬದಲು ರಾಜ್ಮಾ ಮಾಡುವುದಾದರೆ ನೆನೆಸಿ ಪ್ರೆಶರ್ ಕುಕರ್‌ನಲ್ಲೇ ಬೇಯಿಸಿ. ಹಸಿ ರಾಜ್ಮಾದ ವಿಷ ಸ್ಲೋ ಕುಕರ್‌ನ ಸಣ್ಣ ಕಾವಿಗೆ ಸಾಯುವುದಿಲ್ಲ, ವಾಂತಿ ಬರಿಸುತ್ತದೆ.