ಆಗಸ್ಟ್ ಮಳೆಯಲ್ಲಿ ಕೊಡಗಿನಿಂದ ಶ್ರೀಲಂಕಾಕ್ಕೆ: ಗುಂಪು ಕಟ್ಟಿಕೊಂಡು ಹೋದ ನನ್ನ ಅನುಭವ

ಕೊಡಗಿನಲ್ಲಿ ಕಾಫಿ ತೋಟ ಇರುವವರಿಗೆ ಊರು ಬಿಟ್ಟು ಹೊರಡೋದು ಸುಲಭ ಅಲ್ಲ. ನವೆಂಬರ್ ಕೊನೆಗೆ ಅರೇಬಿಕಾ ಕೊಯ್ಲು. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯೋದು, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕೋದು. ಏಪ್ರಿಲ್, ಮೇ ಪೂರ್ತಿ ಮದುವೆಗಳು, ಹಾಕಿ ಪಂದ್ಯಗಳು. ಮಳೆ ಹಿಡಿದ ಮೇಲೆ ಗದ್ದೆ ನಾಟಿ. ನಾಟಿ ಮುಗಿದು ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುವ ತನಕ, ಅಂದರೆ ಆಗಸ್ಟ್‌ನಲ್ಲಿ, ಸ್ವಲ್ಪ ಬಿಡುವು ಸಿಗುತ್ತದೆ. ನಾನು ಮಡಿಕೇರಿ ಹತ್ತಿರ ಹೋಂಸ್ಟೇ ನಡೆಸುತ್ತೇನೆ. ಆ ತಿಂಗಳು ನನಗೂ ಅತಿಥಿಗಳು ಕಡಿಮೆ. ಹಾಗಾಗಿ ಗುಂಪು ಕಟ್ಟಿಕೊಂಡು ಶ್ರೀಲಂಕಾಕ್ಕೆ ಹೋಗೋದಕ್ಕೆ ಆಗಸ್ಟ್ ತಿಂಗಳನ್ನೇ ಇಟ್ಟುಕೊಂಡೆ.

"ಮಳೆಗಾಲದಲ್ಲಿ ದ್ವೀಪಕ್ಕೆ ಹೋಗ್ತಾರಾ?" ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಮುಂಗಾರು ಅಲ್ಲಿಯೂ ಸುರಿಯುತ್ತದೆ ನಿಜ. ಆದರೆ ಅದು ಕೊಲಂಬೊ, ಗಾಲೆ ಇರುವ ನೈಋತ್ಯ ಭಾಗಕ್ಕೆ ಮತ್ತು ನಡುವಿನ ಬೆಟ್ಟಗಳ ಪಶ್ಚಿಮ ಇಳಿಜಾರಿಗೆ. ಬೆಟ್ಟ ದಾಟಿ ಉತ್ತರಕ್ಕೆ ಹೋದರೆ ಮಳೆ ಇಲ್ಲ. ಮಡಿಕೇರಿಯಲ್ಲಿ ಛತ್ರಿ ಬಿಡಿಸಿಕೊಂಡು ಹೊರಟವರು ಕುಶಾಲನಗರದಲ್ಲಿ ಮಡಚಿ ಇಡುತ್ತೇವಲ್ಲ, ಹಾಗೆ. ಹಳೆಯ ರಾಜಧಾನಿಗಳಾದ ಅನುರಾಧಪುರ, ಪೊಲನ್ನರುವ, ಬಂಡೆ ಕೋಟೆಯ ಸಿಗಿರಿಯ, ಗುಹಾ ದೇವಾಲಯದ ದಂಬುಲ್ಲ ಎಲ್ಲ ಈ ಒಣ ಸೀಮೆಯಲ್ಲೇ ಇವೆ. ಅಲ್ಲಿಗೆ ಮಳೆ ಬರೋದು ಮುಖ್ಯವಾಗಿ ಅಕ್ಟೋಬರ್ ನಂತರ, ಹಿಂಗಾರಿನಲ್ಲಿ.

ಈ ಒಣ ಸೀಮೆಯೇ ನನ್ನ ಪ್ರವಾಸದ ಜೀವ. ಸಾಮಾನ್ಯ ಪ್ಯಾಕೇಜ್‌ಗಳಲ್ಲಿ "ಇವತ್ತು ಪರಂಪರೆ, ನಾಳೆ ವನ್ಯಜೀವಿ" ಅಂತ ಬೇರೆ ಬೇರೆ ಮಾಡಿ ಇಟ್ಟಿರುತ್ತಾರೆ. ನಾನು ಎರಡನ್ನೂ ಕೆರೆಗಳ ಮೂಲಕ ತೋರಿಸುತ್ತೇನೆ. ಮಳೆ ಕಡಿಮೆ ಇರುವ ಆ ಬಯಲಿನಲ್ಲಿ ರಾಜಧಾನಿಗಳು ನೂರಾರು ವರ್ಷ ನಿಂತಿದ್ದು ಕೆರೆಗಳಿಂದ. ಮಹಾಸೇನ ರಾಜ ಮಿನ್ನೇರಿಯ ಕೆರೆ ಕಟ್ಟಿಸಿ 1700 ವರ್ಷ ಆಗಿದೆ. ಅಲ್ಲಿನ ರೈತರು ಇವತ್ತಿಗೂ ಅವನನ್ನು ಮಿನ್ನೇರಿಯ ದೇವರು ಅಂತ ಪೂಜೆ ಮಾಡುತ್ತಾರೆ. 12ನೇ ಶತಮಾನದ ಪರಾಕ್ರಮಬಾಹು ಪೊಲನ್ನರುವದಲ್ಲಿ ವಿಸ್ತರಿಸಿ ಕಟ್ಟಿಸಿದ ಕೆರೆಗೆ ಸಮುದ್ರ ಅಂತಲೇ ಹೆಸರು. ಜನರಿಗೆ ಉಪಯೋಗವಾಗದೆ ಒಂದು ಹನಿ ನೀರೂ ಕಡಲು ಸೇರಬಾರದು ಅನ್ನೋದು ಅವನ ಮಾತು ಅಂತ ಅಲ್ಲಿ ಚಿಕ್ಕ ಮಕ್ಕಳೂ ಹೇಳುತ್ತಾರೆ. ತಲಕಾವೇರಿಯ ಊರಿನವರಾದ ನಮಗೆ ಈ ಮಾತು ನಾಟುತ್ತದೆ. ಇಷ್ಟು ಮಳೆ ಸುರಿದರೂ ಮಾರ್ಚ್‌ನಲ್ಲಿ ನಮ್ಮ ತೋಟದ ಕೆರೆಗಳ ಗತಿ ಏನು ಅಂತ ಎಲ್ಲರಿಗೂ ಗೊತ್ತು.

ಅದೇ ಕೆರೆಗಳು ಜುಲೈ ಹೊತ್ತಿಗೆ ಇಳಿಯಲು ಶುರುವಾಗುತ್ತವೆ. ನೀರು ಹಿಂದೆ ಸರಿದ ಜಾಗದಲ್ಲಿ ಹಸಿರು ಹುಲ್ಲು ಬರುತ್ತದೆ. ಸುತ್ತಲಿನ ಕಾಡೆಲ್ಲ ಒಣಗಿರುವಾಗ ಆನೆಗಳು ಅಲ್ಲಿಗೆ ಬರುತ್ತವೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಿನ್ನೇರಿಯದಲ್ಲಿ 200–300 ಆನೆಗಳವರೆಗೆ ಸೇರುತ್ತವೆ ಅಂತ ಹೇಳುತ್ತಾರೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗ ಬಹಳ ಅಪರೂಪ. ಕಬಿನಿ ಹಿನ್ನೀರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಆಗೋದೂ ಇದೇ ಅಲ್ವಾ? ಅಲ್ಲಿ 1970ರ ದಶಕದ ಅಣೆಕಟ್ಟು, ಇಲ್ಲಿ ರಾಜರ ಕಾಲದ ಕೆರೆ. ಇದನ್ನು ಬೆಳಿಗ್ಗೆ ಪೊಲನ್ನರುವದಲ್ಲೇ ಹೇಳಿಬಿಡುತ್ತೇನೆ. ಆಮೇಲೆ ಮಧ್ಯಾಹ್ನ ಜೀಪಿನಲ್ಲಿ ಕೆರೆ ದಂಡೆಗೆ ಹೋದಾಗ ಜನ ಆನೆ ಎಣಿಸೋದು ಬಿಟ್ಟು ಕೆರೆ ಏರಿಯನ್ನೂ ತಿರುಗಿ ನೋಡುತ್ತಾರೆ.

ಜೀಪ್ ವಿಷಯದಲ್ಲಿ ಒಂದು ಮುಖ್ಯ ಮಾತು. ಮಿನ್ನೇರಿಯ ಅಂತ ಮೊದಲೇ ಗಟ್ಟಿ ಮಾಡಿಕೊಂಡು ಹೋಗಬೇಡಿ. ಕೆರೆಗೆ ನೀರು ಜಾಸ್ತಿ ಬಿಟ್ಟಿದ್ದರೆ ಹುಲ್ಲು ಮುಳುಗುತ್ತದೆ, ಆನೆಗಳು ಪಕ್ಕದ ಕೌಡುಲ್ಲಕ್ಕೋ ಹುರುಲು ಕಡೆಗೋ ಹೋಗುತ್ತವೆ. ಮೂರೂ ಹಬರಣ ಪಟ್ಟಣದ ಸುತ್ತಲೇ ಇವೆ. ಅದಕ್ಕೇ ನಾನು ಹಬರಣದಲ್ಲಿ ಮನೆ ಮಾಡಿದ ಹಾಗೆ ಒಂದೇ ಹೋಟೆಲ್‌ನಲ್ಲಿ ಉಳಿಸಿ, ದಿನಾ ಅಲ್ಲಿಂದಲೇ ಹೋಗಿ ಬರುವ ಹಾಗೆ ಮಾಡುತ್ತೇನೆ. ಮಧ್ಯಾಹ್ನ ಊಟದ ಹೊತ್ತಿಗೆ ಅಲ್ಲಿನ ಜೀಪ್ ಡ್ರೈವರ್‌ಗಳನ್ನು ಕೇಳಿ ಇವತ್ತು ಯಾವ ಪಾರ್ಕ್ ಅಂತ ತೀರ್ಮಾನ. ದಿನಾ ಸೂಟ್‌ಕೇಸ್ ಕಟ್ಟುವ ಕೆಲಸ ಇಲ್ಲದಿದ್ದರೆ ಅರವತ್ತು ದಾಟಿದವರು ಎಷ್ಟು ಖುಷಿಯಾಗಿ ತಿರುಗಾಡುತ್ತಾರೆ ಅಂತ ನೋಡಬೇಕು.

ನಮ್ಮವರಿಗೆ ಆನೆ ಹೊಸದಲ್ಲ. ಸಿದ್ದಾಪುರ, ಮಾಲ್ದಾರೆ ಕಡೆಯ ತೋಟದವರು ಹಲಸು ಹಣ್ಣಾಗುವ ಕಾಲದಲ್ಲಿ ಸಂಜೆ ಆರರ ಮೇಲೆ ಹೊರಗೆ ಹೋಗೋದಿಲ್ಲ. ನನ್ನ ಗುಂಪಿನಲ್ಲಿ ಬಂದ ಒಬ್ಬ ಹಿರಿಯರು, ಎಲ್ಲರೂ ಅವರನ್ನು ಅಂಕಲ್ ಅಂತಲೇ ಕರೆಯೋದು, ಕೆರೆ ಅಂಗಳದಲ್ಲಿ ಮರಿಗಳನ್ನು ನಡುವೆ ಇಟ್ಟುಕೊಂಡು ನಿಂತ ಹಿಂಡನ್ನು ತುಂಬಾ ಹೊತ್ತು ನೋಡಿದರು. "ಆನೆ ನೋಡಿ ಭಯ ಆಗದೇ ಇದ್ದದ್ದು ಇದೇ ಮೊದಲು ಕಣಪ್ಪಾ" ಅಂದರು. ಆಮೇಲೆ ಅವರೇ ಗಮನಿಸಿದ್ದು, ಗಂಡಾನೆಗಳಿಗೂ ದಂತ ಇಲ್ಲ. ನಾಗರಹೊಳೆಯಲ್ಲಿ ದಂತ ಇಲ್ಲದ ಗಂಡಾನೆ, ಅಂದರೆ ಮಕ್ನಾ, ಅಪರೂಪ. ಲಂಕೆಯಲ್ಲಿ ಉಲ್ಟಾ, ದಂತ ಇರುವುದೇ ಅಪರೂಪ. ಹುಲಿ, ಕಾಟಿ, ಸೀಳುನಾಯಿ ಆ ದ್ವೀಪದ ಕಾಡಿನಲ್ಲಿ ಇಲ್ಲವೇ ಇಲ್ಲ. ಅಲ್ಲಿ ಚಿರತೆಯೇ ದೊಡ್ಡ ಬೇಟೆಗಾರ. ಗೈಡ್ ಜೊತೆ ಆನೆ ಹಾವಳಿ ಬಗ್ಗೆ ಮಾತು ಶುರುವಾದರೆ ನಮ್ಮವರು ಬಿಡೋದಿಲ್ಲ. ಅಲ್ಲೂ ಪ್ರತಿ ವರ್ಷ ನೂರಾರು ಆನೆಗಳು, ನೂರಕ್ಕೂ ಹೆಚ್ಚು ಜನ ಸಾಯುತ್ತಾರೆ. ಕೆಲವು ಹಳ್ಳಿಗಳಲ್ಲಿ ರೈತರೇ ಸೇರಿ ಬೆಳೆ ಇರುವಾಗ ಮಾತ್ರ ಗದ್ದೆ ಸುತ್ತ ಸೋಲಾರ್ ಬೇಲಿ ಹಾಕಿ, ಕೊಯ್ಲಾದ ಮೇಲೆ ತೆಗೆಯುತ್ತಾರೆ. ಆಗ ಆನೆಗಳು ಬಂದು ಕೂಳೆ ಮೇಯಬಹುದು. ಆನೆ ತಡೆಯಲು ಹಾಕಿದ ರೈಲ್ವೆ ಕಂಬಿ ಬೇಲಿ ನೋಡಿ ಅಭ್ಯಾಸ ಇರುವ ನಮಗೆ ಇದು ಯೋಚನೆ ಮಾಡಬೇಕಾದ ವಿಷಯ.

ಆನೆ ಸವಾರಿ ನನ್ನ ಪ್ರವಾಸದಲ್ಲಿ ಇಲ್ಲ. ಹಬರಣ ರಸ್ತೆಯಲ್ಲಿ ಕರೆಯುತ್ತಾರೆ, ಬೇಡ ಅಂತ ಹೊರಡುವ ಮೊದಲೇ ಹೇಳಿರುತ್ತೇನೆ. ಅದರ ಬದಲು ದಕ್ಷಿಣದ ಉಡವಲವೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ತಾಯಿ ಇಲ್ಲದ ಮರಿಗಳನ್ನು ಸಾಕಿ, ದೊಡ್ಡದಾದ ಮೇಲೆ ಕಾಡಿಗೇ ಬಿಡುವ ಕೇಂದ್ರ ಇದೆ. 1995ರಲ್ಲಿ ಶುರುವಾಗಿದ್ದು. ಮೂರು ಗಂಟೆಗೊಮ್ಮೆ ಹಾಲು ಕೊಡುತ್ತಾರೆ. ನಾವು ದೂರದ ಕಟ್ಟೆ ಮೇಲೆ ಕೂತು ನೋಡಬೇಕು, ಮುಟ್ಟುವ ಹಾಗಿಲ್ಲ, ಸ್ನಾನ ಮಾಡಿಸುವ ಹಾಗಿಲ್ಲ. ದುಬಾರೆ ಆನೆ ಶಿಬಿರಕ್ಕೆ ಹೋಗಿ ಬಂದವರಿಗೆ ಮೊದಲು ಸಪ್ಪೆ ಅನ್ನಿಸುತ್ತದೆ. ಮನುಷ್ಯರ ಅಭ್ಯಾಸ ಆದರೆ ಮರಿ ಕಾಡಿಗೆ ಹೋದ ಮೇಲೂ ಊರಿಗೇ ಬರುತ್ತದೆ ಅಂತ ವಿವರಿಸಿದರೆ ಎಲ್ಲರೂ ಸುಮ್ನೆ ಕೂತು ನೋಡುತ್ತಾರೆ.

ಚಿರತೆಗೆ ಯಾಲ ಪ್ರಸಿದ್ಧ. ಆದರೆ ಒಂದು ಚಿರತೆ ಕಂಡರೆ ಸಾಕು, ಸುತ್ತ ಜೀಪುಗಳ ಸಾಲು. ನನಗೆ ಅದು ಇಷ್ಟ ಇಲ್ಲ. ಅಲ್ಲದೆ ಅದರ ಮುಖ್ಯ ಭಾಗವನ್ನು ಅಲ್ಲಿನ ಒಣಗಾಲ ಜೋರಾದಾಗ, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಮುಚ್ಚುತ್ತಾರೆ. ಅದಕ್ಕಿಂತ ನನಗೆ ವಿಲ್ಪತ್ತು ಇಷ್ಟ. ಅನುರಾಧಪುರದಿಂದ ಹತ್ತಿರ ಇರುವ ಅದು ದೇಶದ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ, ಅಂತರ್ಯುದ್ಧದ ಕಾಲದಲ್ಲಿ ವರ್ಷಗಟ್ಟಲೆ ಮುಚ್ಚಿತ್ತು. ಕಾಡಿನ ನಡುವೆ ಹರಡಿಕೊಂಡ ಕೊಳಗಳು, ದಾರಿ ಉದ್ದ, ಜೀಪು ಕಡಿಮೆ. ಪ್ರಾಣಿ ಸಿಗದಿದ್ದರೂ ಕಾಡು ಸಿಗುತ್ತದೆ.

ಅನುರಾಧಪುರದಲ್ಲಿ ಬೋಧಿವೃಕ್ಷದ ಹತ್ತಿರ ನಾನು ಯಾರನ್ನೂ ಅವಸರ ಮಾಡಿಸೋದಿಲ್ಲ. ಅಶೋಕನ ಮಗಳು ಸಂಘಮಿತ್ರೆ ತಂದ ಸಸಿ, ಕ್ರಿ.ಪೂ. 3ನೇ ಶತಮಾನದ್ದು. ನೆಟ್ಟ ಕಾಲ ಗೊತ್ತಿರುವ ಮರಗಳಲ್ಲಿ ಇದೇ ಅತಿ ಹಳೆಯದು ಎನ್ನುತ್ತಾರೆ. ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರ ಬೌದ್ಧ ಮಂದಿರ ನೋಡಿ ಬೆಳೆದವರಿಗೆ ಇಲ್ಲಿನ ಥೇರವಾದ ಪಂಥದ ಸರಳ ಬಿಳಿ ಸ್ತೂಪಗಳು ಬೇರೆಯೇ ಅನುಭವ. ಬಣ್ಣ ಇಲ್ಲ, ತುತ್ತೂರಿ ಇಲ್ಲ, ಬಿಳಿ ಬಟ್ಟೆಯ ಜನ, ತಾವರೆ ಹೂ. ಒಂದು ಮಾತು: ಭುಜ, ಮೊಣಕಾಲು ಮುಚ್ಚಿರಬೇಕು, ಬುದ್ಧನಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬಾರದು. ಬರಿಗಾಲಲ್ಲಿ ಕಾದ ಕಲ್ಲಿನ ಮೇಲೆ ನಡೆಯಬೇಕು, ಹಳೆಯ ಕಾಲುಚೀಲ ಒಂದು ಜೊತೆ ಎಲ್ಲರ ಬ್ಯಾಗಿನಲ್ಲೂ ಹಾಕಿಸುತ್ತೇನೆ.

ಸಿಗಿರಿಯಕ್ಕೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. 5ನೇ ಶತಮಾನದಲ್ಲಿ ಕಾಶ್ಯಪ ರಾಜ ಬಂಡೆ ಮೇಲೆ ಕಟ್ಟಿದ ಅರಮನೆ, ಸುಮಾರು 1200 ಮೆಟ್ಟಿಲು. ಮಂಡಿ ನೋವು ಇರುವವರು ಸಿಂಹದ ಪಾದದವರೆಗೂ ಬರಬೇಕಿಲ್ಲ. ಕೆಳಗಿನ ನೀರಿನ ತೋಟಗಳೇ ಸಾಕಷ್ಟು ಇವೆ. ಮಳೆ ಬಂದರೆ ಅಲ್ಲಿನ ಹಳೆಯ ಕಾರಂಜಿಗಳು ಇವತ್ತಿಗೂ ಚಿಮ್ಮುತ್ತವೆ. ಹತ್ತುವವರು ಕನ್ನಡಿ ಗೋಡೆಯನ್ನು ನಿಂತು ನೋಡಬೇಕು. ಸಾವಿರ ವರ್ಷಕ್ಕೂ ಹಿಂದೆ ಬಂದ ಪ್ರವಾಸಿಗರು ಬಂಡೆಯ ಮೇಲೆ ಬಿಡಿಸಿದ ಹೆಂಗಸರ ಚಿತ್ರಗಳನ್ನು ನೋಡಿ ಗೀಚಿದ ಪದ್ಯಗಳು ಅದರ ಮೇಲಿವೆ. ಮೇಲೆ ಜೇನಿನ ಎಚ್ಚರಿಕೆ ಫಲಕ ಇದೆ, ಗಲಾಟೆ ಮಾಡಬಾರದು. ಹೆಜ್ಜೇನು ಅಂದರೆ ಏನು ಅಂತ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಪೊಲನ್ನರುವದ ಗಲ್ ವಿಹಾರದಲ್ಲಿ ಒಂದೇ ಬಂಡೆಯಲ್ಲಿ ನಾಲ್ಕು ಬುದ್ಧರು, ಮಲಗಿದ ಮೂರ್ತಿ ಸುಮಾರು 14 ಮೀಟರ್ ಉದ್ದ. ಅದೇ ಊರಿನಲ್ಲಿ ಚೋಳರ ಕಾಲದ ಕಲ್ಲಿನ ಶಿವಾಲಯವೂ ಇದೆ.

ಕ್ಯಾಂಡಿಗೆ ಬಂದಾಗ ನಮ್ಮ ಊರಿನ ಕಥೆ ಹತ್ತಿರ ಬರುತ್ತದೆ. ಬುದ್ಧನ ಹಲ್ಲು ಇಟ್ಟಿದ್ದಾರೆ ಅನ್ನುವ ದಂತ ದೇವಾಲಯವನ್ನು ಎಲ್ಲರೂ ನೋಡುತ್ತಾರೆ, ಪೂಜೆ ಹೊತ್ತಿಗೆ ಹೋದರೆ ಒಳಗಿನ ಕರಂಡಕ ಕಾಣುತ್ತದೆ. ನಾನು ಅದರ ಪಕ್ಕದ ಅರಮನೆ ಅಂಗಳದಲ್ಲಿ ಗುಂಪನ್ನು ಕೂರಿಸಿ ಕ್ಯಾಂಡಿಯ ಕೊನೆಯ ರಾಜ ವಿಕ್ರಮ ರಾಜಸಿಂಹನ ಕಥೆ ಹೇಳುತ್ತೇನೆ. ಮದುರೆ ಕಡೆಯ ನಾಯಕರ ವಂಶದವನು. 1815ರಲ್ಲಿ ಬ್ರಿಟಿಷರು ಇಳಿಸಿದರು, ವೆಲ್ಲೂರು ಕೋಟೆಗೆ ಕಳಿಸಿದರು, 1832ರಲ್ಲಿ ಅಲ್ಲೇ ತೀರಿಕೊಂಡ. ಎರಡು ವರ್ಷ ಕಳೆದು 1834ರಲ್ಲಿ ನಮ್ಮ ಚಿಕ್ಕವೀರರಾಜೇಂದ್ರನನ್ನೂ ಇಳಿಸಿದರು. ಅವನನ್ನೂ ಮೊದಲು ಒಯ್ದಿದ್ದು ವೆಲ್ಲೂರಿಗೇ, ಆಮೇಲೆ ಕಾಶಿಗೆ. ಮಡಿಕೇರಿ ಕೋಟೆಯ ಮುಂದೆ ದಿನಾ ಓಡಾಡುವ ಜನ ಇದನ್ನು ಕೇಳಿ ತುಂಬಾ ಹೊತ್ತು ಮಾತಾಡುತ್ತಾರೆ. ಆಗಸ್ಟ್‌ನಲ್ಲಿ ಹೋದರೆ ಎಸಲ ಪೆರಹೆರ ಮೆರವಣಿಗೆಯೂ ಸಿಗಬಹುದು. ಹುಣ್ಣಿಮೆ ಲೆಕ್ಕದಲ್ಲಿ ಪ್ರತಿ ವರ್ಷ ದಿನ ಬದಲಾಗುತ್ತದೆ, ಕೆಲವು ಸಲ ಜುಲೈಗೇ ಶುರು. ಆ ದಿನಗಳಲ್ಲಿ ರೂಮ್ ಬೆಲೆ ವಿಪರೀತ.

ನುವರ ಎಲಿಯ, 'ಎಲ್ಲ' ಅನ್ನುವ ಬೆಟ್ಟದ ಊರುಗಳಲ್ಲಿ ನಾನು ಉಳಿಸೋದಿಲ್ಲ. ಮಂಜು, ಬೆಟ್ಟ, ಜಲಪಾತ ಬಿಟ್ಟು ಬಂದವರಿಗೆ ಮತ್ತೆ ಅದನ್ನೇ ಯಾಕೆ ತೋರಿಸಬೇಕು? ಅದೂ ಮಳೆಯಲ್ಲಿ. ಆದರೆ ಕ್ಯಾಂಡಿ ಹತ್ತಿರ ಹಂತಾನದ ಟೀ ಮ್ಯೂಸಿಯಂ ಬಿಡಬಾರದು, ಅದರಲ್ಲೂ ಕಾಫಿ ಬೆಳೆಗಾರರು. ಲಂಕೆ ಒಂದು ಕಾಲದಲ್ಲಿ ಕಾಫಿ ದೇಶ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು, ಮುಂದಿನ ಇಪ್ಪತ್ತು ವರ್ಷಗಳಲ್ಲಿ ತೋಟಗಳೇ ಹೋದವು. ಜೇಮ್ಸ್ ಟೇಲರ್ 1867ರಲ್ಲೇ 19 ಎಕರೆಯಲ್ಲಿ ಟೀ ಹಾಕಿದ್ದ, ಆಮೇಲೆ ಎಲ್ಲರೂ ಆ ದಾರಿ ಹಿಡಿದರು. ರೋಗ ತಡೆಯಲು ಬೋರ್ಡೋ ಮಿಶ್ರಣ ಹೊಡೆದು ಹೊಡೆದು ಕೈ ನೀಲಿ ಮಾಡಿಕೊಂಡವರು ಈ ಕಥೆಯನ್ನು ಬೇರೆ ಪ್ರವಾಸಿಗರ ಹಾಗೆ ಕೇಳೋದಿಲ್ಲ. ಗೈಡ್‌ಗೆ ಪ್ರಶ್ನೆ ಮೇಲೆ ಪ್ರಶ್ನೆ.

ಊಟದ ಚಿಂತೆ ಬೇಡ. ಅವರ ಇಡಿಯಪ್ಪ ನಮ್ಮ ನೂಪುಟ್ಟೇ. ಹುಳಿಗೆ ಗೊರಕ ಹಾಕಿದ ಮೀನು ಸಾರು ತಿಂದು ಗುಂಪಿನ ಅಕ್ಕ ಒಬ್ಬರು "ಕಾಚಂಪುಳಿ ವಾಸನೆ" ಅಂದರು. ನಿಜ, ಗೊರಕವೂ ನಮ್ಮ ಕೊಡಗಿನ ಹುಳಿ ಕಾಚಂಪುಳಿಯೂ ಒಂದೇ ಜಾತಿಯ ಮರದ ಹಣ್ಣಿನದು. ಹುಣ್ಣಿಮೆ ದಿನ ದೇಶಕ್ಕೇ ರಜೆ, ಮದ್ಯ ಮಾರೋದಿಲ್ಲ, ಮಾಂಸದ ಅಂಗಡಿಯೂ ಮುಚ್ಚಿರುತ್ತದೆ. ಇದನ್ನು ನಮ್ಮವರಿಗೆ ಮೊದಲೇ ಹೇಳುವುದು ಒಳ್ಳೆಯದು.

ಗೈಡ್ ಬಗ್ಗೆ. ಅಲ್ಲಿನ ಪ್ರವಾಸೋದ್ಯಮ ಅಭಿವೃದ್ಧಿ ಪ್ರಾಧಿಕಾರದ ಲೈಸೆನ್ಸ್ ಇರುವವರನ್ನೇ ತೆಗೆದುಕೊಳ್ಳಿ, ಗುರುತಿನ ಚೀಟಿ ಕೇಳಿ ನೋಡಿ. ಮನೆಯವರು ಮಾತ್ರ ಹೋದರೆ ಗಾಡಿ ಓಡಿಸುವ ಗೈಡ್ ಸಾಕು. ಗುಂಪಾದರೆ ಡ್ರೈವರ್ ಬೇರೆ, ಗೈಡ್ ಬೇರೆ ಇರಲಿ. ದಾರಿ ನೋಡಬೇಕಾದವರು ಇತಿಹಾಸ ಹೇಳುತ್ತಾ ಕೂರಬಾರದು. ಗೈಡ್ ಇಂಗ್ಲಿಷ್‌ನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತೇನೆ, ಅದಕ್ಕಾಗಿ ಹಿಂದಿನ ರಾತ್ರಿ ಇಬ್ಬರೂ ಕೂತು ಮರುದಿನದ ಜಾಗಗಳನ್ನು ಮಾತಾಡಿಕೊಳ್ಳುತ್ತೇವೆ. ಮಸಾಲೆ ತೋಟ, ರತ್ನದ ಅಂಗಡಿ ಬೇಡ ಅಂತ ಮೊದಲ ಪತ್ರದಲ್ಲೇ ಬರೆದುಬಿಡಿ. ಅಲ್ಲಿ ಕಮಿಷನ್ ಇರುತ್ತದೆ, ಅದು ಹೋದರೆ ಗೈಡ್‌ಗೆ ನಷ್ಟ. ಹಾಗಾಗಿ ದಿನದ ಸಂಬಳವನ್ನು ನಾನೇ ಸ್ವಲ್ಪ ಜಾಸ್ತಿ ಕೊಡುತ್ತೇನೆ. ಮನೆ ಹಿತ್ತಿಲಲ್ಲೇ ಮೆಣಸು, ಏಲಕ್ಕಿ ಇರುವವರಿಗೆ ಮಸಾಲೆ ತೋಟದಲ್ಲಿ ಕಳೆಯುವ ಎರಡು ಗಂಟೆಯನ್ನು ಗಾಲೆ ಕೋಟೆಯ ಗೋಡೆ ಮೇಲೆ ನಡೆಯೋದಕ್ಕೆ ಉಳಿಸಿಕೊಳ್ಳಬಹುದು.

ವಿಮಾನ ಬೆಂಗಳೂರಿನಿಂದ, ಒಂದೂವರೆ ಗಂಟೆ ಅಷ್ಟೇ. ಅದಕ್ಕಿಂತ ಮಡಿಕೇರಿಯಿಂದ ಏರ್‌ಪೋರ್ಟ್ ತಲುಪೋದು ದೊಡ್ಡ ಪ್ರಯಾಣ. ಆಗಸ್ಟ್‌ನಲ್ಲಿ ಮರ ಬೀಳಬಹುದು, ರಸ್ತೆ ಕುಸಿಯಬಹುದು, ಒಂದು ದಿನ ಮೊದಲೇ ಮೈಸೂರಿಗೆ ಇಳಿದು ಉಳಿಯಿರಿ. ವೀಸಾಕ್ಕೆ ಇಟಿಎ (ಆನ್‌ಲೈನ್ ಪ್ರಯಾಣ ಅನುಮತಿ) ಅರ್ಜಿಯನ್ನು ಅವರ ಸರ್ಕಾರಿ ಜಾಲತಾಣದಲ್ಲೇ ಹಾಕಿ, ನಿಯಮ ಆಗಾಗ ಬದಲಾಗುತ್ತದೆ. ಭಾರತವೂ ಸೇರಿದ ಸಾರ್ಕ್ ದೇಶದವರಿಗೆ ಹಲವು ಕಡೆ ಟಿಕೆಟ್ ಕಡಿಮೆ, ಅದಕ್ಕೆ ಪಾಸ್‌ಪೋರ್ಟ್ ತೋರಿಸಬೇಕು, ಹೋಟೆಲ್‌ನಲ್ಲಿ ಬಿಟ್ಟು ಬರಬೇಡಿ. ಹಬರಣದ ರೂಮ್‌ಗಳನ್ನು ಕೊಯ್ಲು ಮುಗಿದ ಕೂಡಲೇ, ಮಾರ್ಚ್ ಹೊತ್ತಿಗೆ ಹಿಡಿದಿಟ್ಟುಕೊಳ್ಳಿ. ಜೀಪ್ ಮಾತ್ರ ಅಲ್ಲಿಗೆ ಹೋದ ಮೇಲೆ.