ಪತ್ತೇದಾರಿ ಕಥೆಗೆ ಮುಂಚೆ ಒಂದು ಮಹಜರು ಬರೆಯಿರಿ

ಪೊಲೀಸ್ ಠಾಣೆಯಲ್ಲಿ ರೈಟರ್, ಅಂದರೆ ಕಾಗದಪತ್ರ ಬರೆಯುವವನು, ಆಗಿಯೇ ನನ್ನ ಸರ್ವೀಸಿನ ಬಹುಪಾಲು ಕಳೆಯಿತು. ಈಗ ನೆಂಟರ ಮಕ್ಕಳು ತಾವು ಬರೆದ ಪತ್ತೇದಾರಿ ಕಥೆ ತಂದು ಓದಿಸುತ್ತಾರೆ. ಎಲ್ಲರಿಗೂ ನಾನು ಹೇಳೋದು ಒಂದೇ: ಮೊದಲು ಸ್ಥಳ ಮಹಜರು ಬರೆಯಿರಿ, ಕಥೆ ಆಮೇಲೆ.

ಕೃತ್ಯ ನಡೆದ ಜಾಗದಲ್ಲಿ ಕಂಡದ್ದನ್ನೆಲ್ಲ ಪಂಚರ, ಅಂದರೆ ಸಾಕ್ಷಿಗೆ ಕರೆದವರ, ಮುಂದೆ ಬರೆದುಕೊಳ್ಳೋದೇ ಮಹಜರು. ಚಕ್ಕುಬಂದಿ (ಜಾಗದ ನಾಲ್ಕು ದಿಕ್ಕಿನ ಗಡಿ), ಬಾಗಿಲು, ಬೀಗ, ನೆಲದ ಮೇಲೆ ಬಿದ್ದಿರೋದು, ಎಲ್ಲವೂ. ಬರೆಯುವಾಗ ಯಾವುದು ಮುಖ್ಯ ಅಂತ ಯಾರಿಗೂ ಗೊತ್ತಿರುವುದಿಲ್ಲ. ಸುಳಿವನ್ನು ಬಚ್ಚಿಡೋಕೆ ಇಂಥ ಪಟ್ಟಿಗಿಂತ ಒಳ್ಳೆ ಜಾಗ ಎಲ್ಲಿದೆ?

ತಿಪಟೂರಿನ ಒಂದು ಕೊಬ್ಬರಿ ಮಂಡಿ ಅಂದುಕೊಳ್ಳಿ. ಶನಿವಾರ ಸಂಜೆ ಬೀಗ ಹಾಕಿದ್ದಾರೆ, ಸೋಮವಾರ ಬೆಳಗ್ಗೆ ತೆಗೆದರೆ ಗಲ್ಲಾಪೆಟ್ಟಿಗೆಯಲ್ಲಿ ಹಣ ಇಲ್ಲ. ಬೀಗ ಮುರಿದಿಲ್ಲ. ಬೀಗದ ಕೈ ಇರೋದು ಸಾಹುಕಾರ, ಅವರ ಅಳಿಯ, ಗುಮಾಸ್ತ ಮೂವರ ಹತ್ತಿರ. ಕೈ ಇಲ್ಲದಿದ್ದರೂ ಅನುಮಾನಕ್ಕೆ ನಾಲ್ಕನೆಯವನು ಜಗಲಿಯಲ್ಲಿ ಮಲಗುವ ಹಮಾಲಿ. ಮಹಜರಿನಲ್ಲಿ ಹೀಗೆ ಬರೆಯಿರಿ: ತಕ್ಕಡಿ, ಎರಡು ಖಾಲಿ ಚೀಲ, ಒಂದು ಬೀಡಿ ತುಂಡು, ಭಾನುವಾರದ ತಾರೀಖು ತೋರಿಸುವ ಗೋಡೆ ಕ್ಯಾಲೆಂಡರ್, ಕಾಫಿ ಕಲೆಯ ಲೋಟ.

ಓದುವವರು ಬೀಡಿಯ ಹಿಂದೆ ಓಡುತ್ತಾರೆ. ಓಡಲಿ. ಸುಳಿವು ಇರೋದು ಕ್ಯಾಲೆಂಡರಿನಲ್ಲಿ. ಶನಿವಾರದ ಹಾಳೆ ಹರಿದವರು ಯಾರು? ಒಳಗೆ ಬಂದ ಕೂಡಲೇ ಹಳೇ ಹಾಳೆ ಹರಿಯೋದು ಗುಮಾಸ್ತನ ಅಭ್ಯಾಸ. ಕದಿಯೋಕೆ ಬಂದಾಗಲೂ ಕೈ ತಾನಾಗಿಯೇ ಹೋಗಿದೆ. ಆದರೆ ಆ ಅಭ್ಯಾಸವನ್ನು ಕಥೆಯ ಮೊದಲ ಪುಟದಲ್ಲೇ ಒಂದು ಸಾಲಿನಲ್ಲಿ ತೋರಿಸಿರಬೇಕು. ಕೊನೆಗೆ ಹೇಳಿದರೆ ಅದು ಮೋಸ. ದಾರಿ ತಪ್ಪಿಸಿದ ಬೀಡಿಗೂ ಲೆಕ್ಕ ಕೊಡಿ. ಶನಿವಾರ ಮೂಟೆ ಇಳಿಸುವಾಗ ಹಮಾಲಿಯೇ ಎಸೆದದ್ದು, ಅಷ್ಟೇ.

ಗುಮಾಸ್ತ ಭಾನುವಾರ ಪೂರ್ತಿ ಅರಸೀಕೆರೆಯ ಮದುವೆಯಲ್ಲಿದ್ದೆ ಅನ್ನುತ್ತಾನೆ. ಬೇರೆ ಕಡೆ ಇದ್ದೆ ಅನ್ನುವ ಈ ಮಾತೇ ಅಲಿಬಿ. ಅದು ಪೂರಾ ಸುಳ್ಳಾಗಿದ್ದರೆ ಸಪ್ಪೆ. ಧಾರೆಯ ಫೋಟೋದಲ್ಲಿ ಅವನು ಇರಲಿ, ಊಟದ ಪಂಕ್ತಿಯಲ್ಲಿ ಕಾಣದೇ ಹೋಗಲಿ. ಆ ಹೊತ್ತಿನಲ್ಲಿ ತಿಪಟೂರಿಗೆ ಬಂದುಹೋಗಿದ್ದಾನೆ. ಊರು ಹತ್ತಿರವೇ ಅಲ್ವಾ!

ಠಾಣೆಯ ಮಾತು ಸ್ವಲ್ಪ ಬಳಸಿ. ದೂರು ಕೊಟ್ಟವರು ಫಿರ್ಯಾದಿ, ಅನುಮಾನ ಅಂದರೆ ಗುಮಾನಿ, ಗುಟ್ಟಾಗಿ ಬರುವ ಸುದ್ದಿ ಬಾತ್ಮಿ. ಪತ್ತೆಯೇ ಆಗದಿದ್ದರೆ 'ಸಿ' ರಿಪೋರ್ಟ್. ಕೊಲೆ ಕಥೆಯಲ್ಲಿ ಇನ್‌ಸ್ಪೆಕ್ಟರ್ '302 ಕೇಸು' (ಹಳೇ ಭಾರತೀಯ ದಂಡ ಸಂಹಿತೆಯ ಕೊಲೆ ಕಲಂ) ಅಂದರೆ ಕೃತ್ಯ 2024ರ ಜುಲೈ 1ಕ್ಕೆ ಮುಂಚೆ ನಡೆದಿರಬೇಕು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ.

ನನಗೆ ಜಾಸ್ತಿ ಸಿಟ್ಟು ಬರೋದು ಕೊನೆಯ ಪುಟದಲ್ಲಿ. ಇನ್‌ಸ್ಪೆಕ್ಟರ್ ಮೇಜು ಗುದ್ದುತ್ತಾರೆ, ಕಳ್ಳ ಒಪ್ಪಿಕೊಳ್ಳುತ್ತಾನೆ, ಕಥೆ ಮುಗಿಯಿತು! ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲೋದಿಲ್ಲ. ಹಿಂದೆ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಇದನ್ನೇ ಹೇಳುತ್ತಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಹೇಳುತ್ತದೆ. ಕಸ್ಟಡಿಯಲ್ಲಿ ಅವನು ಹೇಳಿದ ಮೇಲೆ ಹಣ ಸಿಕ್ಕಿತು ಅನ್ನಿ. ಆ ಹಣ ಸಿಗೋಕೆ ಕಾರಣವಾದ ಮಾತಷ್ಟೇ ನಿಲ್ಲುತ್ತದೆ. ಅದಕ್ಕೇ ಗುಮಾಸ್ತನನ್ನು ಅಳಿಸಬೇಡಿ, ಹಿತ್ತಲಿಗೆ ನಡೆಸಿ. ಕೊಬ್ಬರಿ ಚಿಪ್ಪಿನ ರಾಶಿಯ ಕೆಳಗಿಂದ ಅವನೇ ಹಣದ ಗಂಟು ತೆಗೆದುಕೊಡಲಿ, ಪಂಚರು ನೋಡಲಿ.

ಇನ್ನೊಂದು. ರಮೇಶ, ರಾಜೇಶ, ರವೀಶ ಅಂತ ಮೂವರಿಗೂ ಒಂದೇ ಥರದ ಹೆಸರು ಇಡಬೇಡಿ. ಯಾರು ಅಳಿಯ, ಯಾರು ಗುಮಾಸ್ತ ಅಂತ ಹಿಂದಿನ ಪುಟ ತಿರುವೋದೇ ಓದುವವರಿಗೆ ಕೆಲಸವಾಗುತ್ತದೆ.