ಭಿನ್ನರಾಶಿ ಲೆಕ್ಕ: ‘ಉಳಿದದ್ದರಲ್ಲಿ’ ಎಂಬ ಪದ ಕಂಡರೆ ಅಲ್ಲೇ ನಿಲ್ಲಿಸಿ

5, 6ನೇ ತರಗತಿಯ ಮಕ್ಕಳಿಗೆ ಹೇಳಿಕೊಡುವವರಿಗೆ. ಕೂಡೋದು, ಗುಣಿಸೋದು ಚೆನ್ನಾಗಿ ಬರುವ ಮಕ್ಕಳೂ ಇಂಥ ಲೆಕ್ಕದಲ್ಲಿ ಎಡವುತ್ತಾರೆ:

60 ಕೆ.ಜಿ. ರಾಗಿಯಲ್ಲಿ 1/4 ಭಾಗ ಮಾರಿದರು. ಉಳಿದದ್ದರಲ್ಲಿ 2/3 ಭಾಗ ಹಿಟ್ಟು ಮಾಡಿಸಿದರು. ಈಗ ಎಷ್ಟು ರಾಗಿ ಇದೆ?

ಹೆಚ್ಚಿನವರು 1/4 + 2/3 = 11/12 ಎಂದು ಕೂಡಿ, ಉಳಿದ 1/12 ಅಂದರೆ 5 ಕೆ.ಜಿ. ಎಂದು ಬರೆಯುತ್ತಾರೆ. ಕೂಡಿದ್ದು ಸರಿ, ಆದರೆ ಕೂಡಲೇಬಾರದಿತ್ತು. 1/4 ಎಂಬುದು 60ರ ಭಾಗ, 2/3 ಎಂಬುದು ಮಾರಿದ ಮೇಲೆ ಉಳಿದ 45ರ ಭಾಗ. ‘ಪೂರ್ಣ’ವೇ ಬದಲಾಗಿದೆ.

ಸೂತ್ರಕ್ಕಿಂತ ಮೊದಲು ಪಟ್ಟಿಯ ಚಿತ್ರ ಬರೆಸಿ. ಚೌಕಳಿ ಪುಸ್ತಕದಲ್ಲಿ ಉದ್ದ ಪಟ್ಟಿ, ಅದರಲ್ಲಿ 4 ಸಮಭಾಗ. ಒಂದು ಭಾಗ 15 ಕೆ.ಜಿ. ಒಂದನ್ನು ಹೊಡೆದುಹಾಕಿದರೆ ಮೂರು ಉಳಿಯುತ್ತವೆ. ಆ ಮೂರರಲ್ಲಿ 2/3 ಅಂದರೆ ಎರಡು ಭಾಗ. ಕೊನೆಗೆ ಒಂದೇ ಭಾಗ, 15 ಕೆ.ಜಿ. ಆಮೇಲೆ ಅಂಕಿಯಲ್ಲಿ: 60 × 3/4 = 45, 45 × 1/3 = 15. ತಾಳೆ: 15 + 30 + 15 = 60. ತಾಳೆ ನೋಡುವುದನ್ನು ದಯವಿಟ್ಟು ಬಿಡಿಸಬೇಡಿ.

ಅದೇ ಪಟ್ಟಿಯಲ್ಲಿ ತಿರುವಿ ಕೇಳಿ: ‘ಕೊನೆಗೆ 15 ಕೆ.ಜಿ. ಉಳಿದರೆ ಮೊದಲು ಎಷ್ಟಿತ್ತು?’

ಇನ್ನೊಂದು ಗೊಂದಲ, ‘ಕಾಲು ಕೆ.ಜಿ.’ ಮತ್ತು ‘ಕಾಲು ಭಾಗ’. 2 ಕೆ.ಜಿ. ಸಕ್ಕರೆಯಲ್ಲಿ ಕಾಲು ಕೆ.ಜಿ. ತೆಗೆದರೆ ನೇರ ಕಳೆಯಬೇಕು, ಉಳಿಯೋದು 1¾ ಕೆ.ಜಿ. ಕಾಲು ಭಾಗ ತೆಗೆದರೆ ಮೊದಲು ಗುಣಿಸಬೇಕು. ಹೋಗೋದು ಅರ್ಧ ಕೆ.ಜಿ., ಉಳಿಯೋದು 1½. ಭಿನ್ನರಾಶಿಯ ಮುಂದೆ ಅಳತೆ ಇದೆಯೋ, ‘ಭಾಗ’ ಇದೆಯೋ ಎಂದು ಮಗುವಿನ ಕೈಯಲ್ಲೇ ಅಡಿಗೆರೆ ಹಾಕಿಸಿ.